ರೋಬೋಟ್ ಯಾಕೆ ಕುಡಿದು ಸತ್ತ?

ಕೆಲವರು ಅಡುಗೆಮನೆಯಲ್ಲಿ ಕೂತು, ಕೈಗೆ ಸಿಕ್ಕ ಸಾಮಾನನ್ನೇ ಜೋಡಿಸಿ ಒಂದು ರೋಬೋಟ್ ಮಾಡುತ್ತಾರೆ. ಅದಕ್ಕೆ ಜೆಡ್ ಅಂತ ಹೆಸರಿಡುತ್ತಾರೆ. ಜೆಡ್ ಓಡಾಡುತ್ತಾನೆ, ಹಾಡುತ್ತಾನೆ, ಕೊಟ್ಟ ಸಮಸ್ಯೆಗೆಲ್ಲ ಉತ್ತರ ಹುಡುಕುತ್ತಾನೆ. ಮನೆಮಂದಿಗೆಲ್ಲ ಖುಷಿಯೋ ಖುಷಿ. ಆಮೇಲೆ ಅವರು ಬೇರೆ ಹೊಸದೇನನ್ನೋ ಮಾಡಲು ಶುರುಮಾಡುತ್ತಾರೆ. ಜೆಡ್‌ನನ್ನು ಮಾತಾಡಿಸುವವರು ಕಡಿಮೆಯಾಗುತ್ತಾರೆ. ಒಂದು ದಿನ ಮನೆಯಲ್ಲಿದ್ದ ಹೆಂಡ ಅವನ ಕೈಗೆ ಸಿಗುತ್ತದೆ. ಅಷ್ಟನ್ನೂ ಕುಡಿಯುತ್ತಾನೆ. ಒಳಗೆ ಏನೋ ಚಟಪಟ ಅನ್ನುತ್ತದೆ, ಜೆಡ್ ನಿಂತುಹೋಗುತ್ತಾನೆ.

ಇದು ಒಂದು ಹಾಡಿನ ಕತೆ. ಗ್ರ್ಯಾಂಡ್‌ಡ್ಯಾಡಿ ಎಂಬ ಅಮೆರಿಕದ ಬ್ಯಾಂಡ್ 2000ದ ಮೇ ತಿಂಗಳಲ್ಲಿ ತಂದ ‘ದ ಸಾಫ್ಟ್‌ವೇರ್ ಸ್ಲಂಪ್’ ಎಂಬ ಆಲ್ಬಮ್ಮಿನಲ್ಲಿ ಈ ಹಾಡಿದೆ. ಒಟ್ಟು 11 ಹಾಡುಗಳು, ಮುಕ್ಕಾಲು ಗಂಟೆ ಚಿಲ್ಲರೆ. ಮನುಷ್ಯ ಮತ್ತು ತಂತ್ರಜ್ಞಾನದ ಬಗ್ಗೆ ಬಂದ ರಾಕ್ ಆಲ್ಬಮ್‌ಗಳ ಮಾತು ಬಂದಾಗ ಇದರ ಹೆಸರು ಬಂದೇ ಬರುತ್ತದೆ. ಇದನ್ನು ಪರಿಚಯಿಸುವವರು ಹೆಚ್ಚಾಗಿ ‘ಯಂತ್ರಗಳು ಬಂದು ಬದುಕು ಕೆಟ್ಟಿತು ಎಂಬ ದುಃಖದ ಹಾಡುಗಳು’ ಅಂತ ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ಜೆಡ್ ಯಾರಿಗೂ ಕೇಡು ಮಾಡಿಲ್ಲ, ಯಾರ ಕೆಲಸವನ್ನೂ ಕಸಿದಿಲ್ಲ. ಅವನನ್ನು ಮಾಡಿದವರಿಗೆ ಅವನು ಬೇಜಾರಾದ, ಅಷ್ಟೇ. ಈ ಆಲ್ಬಮ್ ಬೈಯುವುದು ಯಂತ್ರವನ್ನಲ್ಲ, ಮಾಡಿ ಬಿಟ್ಟುಬಿಡುವ ನಮ್ಮ ಚಾಳಿಯನ್ನು. ಗಂಗಾವತಿ, ಸಿಂಧನೂರು ಕಡೆಯವರಿಗೆ ಈ ಚಾಳಿ ಹೊಸದೇನಲ್ಲ. ಅದಕ್ಕೇ ಈ ಹಾಡುಗಳು ನಮಗೆ ಬೇಗ ಅರ್ಥವಾಗುತ್ತವೆ ಅಂತ ನನ್ನ ನಂಬಿಕೆ.

ಮೊದಲು ಊರಿನ ವಿಷಯ. ಗ್ರ್ಯಾಂಡ್‌ಡ್ಯಾಡಿ ಹುಟ್ಟಿದ್ದು 1992ರಲ್ಲಿ, ಕ್ಯಾಲಿಫೋರ್ನಿಯಾದ ಮೊಡೆಸ್ಟೊ ಎಂಬ ಊರಿನಲ್ಲಿ. ಕ್ಯಾಲಿಫೋರ್ನಿಯಾ ಅಂದ ತಕ್ಷಣ ನಮಗೆ ಸಮುದ್ರ, ಸಿನಿಮಾ, ಸಿಲಿಕಾನ್ ವ್ಯಾಲಿ ನೆನಪಾಗುತ್ತವೆ. ಮೊಡೆಸ್ಟೊದಲ್ಲಿ ಇದ್ಯಾವುದೂ ಇಲ್ಲ. ಅದು ಕಾಲುವೆ ನೀರಿನ ಸೀಮೆ. ಬಾದಾಮಿ, ಟೊಮೆಟೊ, ದ್ರಾಕ್ಷಿ ಬೆಳೆಯುವ ಬಯಲು. ಅಲ್ಲಿಯ ನೀರಾವರಿ ಮಂಡಳಿ ಶುರುವಾಗಿದ್ದು 1887ರಲ್ಲಿ. ಊರಿನ ಮುಖ್ಯ ರಸ್ತೆಗೆ 1912ರಲ್ಲಿ ಕಟ್ಟಿದ ಕಮಾನಿದೆ. ಅದರ ಮೇಲೆ ನೀರು, ಸಂಪತ್ತು, ನೆಮ್ಮದಿ, ಆರೋಗ್ಯ ಎಂದು ಬರೆದಿದೆ. ಮೊದಲ ಪದವೇ ನೀರು, ನೋಡಿ. ನಮ್ಮ ತುಂಗಭದ್ರಾ ಎಡದಂಡೆ ಕಾಲುವೆಯ ಯಾವ ಊರಿನ ಬಾಗಿಲಿಗೆ ಬೇಕಾದರೂ ಈ ಬೋರ್ಡು ಹಾಕಬಹುದು. ಆದರೆ ಮಾನ್ವಿ, ಸಿರವಾರ ಕಡೆಯ ಕೊನೆ ಭಾಗದ ರೈತರು ಅದನ್ನು ಓದಿ ನಗುತ್ತಾರೆ, ಆ ಮಾತು ಬೇರೆ.

ಈ ಮೊಡೆಸ್ಟೊದಿಂದ ಸಿಲಿಕಾನ್ ವ್ಯಾಲಿಗೆ ಕಾರಿನಲ್ಲಿ ಒಂದೂವರೆ, ಎರಡು ಗಂಟೆ ದಾರಿ. ಅಂದರೆ ಜಗತ್ತಿಗೆ ಕಂಪ್ಯೂಟರ್ ಹಂಚುವ ಊರುಗಳ ಪಕ್ಕದಲ್ಲೇ ಇದ್ದರೂ ಅದರ ಭಾಗವಲ್ಲದ ಊರು ಇದು. ಹೊಸ ಯಂತ್ರಗಳು ಇಲ್ಲಿಗೂ ಬರುತ್ತವೆ. ಅವು ಹಳೆಯದಾದ ಮೇಲೆ ಬಂದು ಬೀಳುವುದೂ ಇಂಥ ಊರುಗಳ ಹಿತ್ತಿಲಿಗೇ. ಬ್ಯಾಂಡಿನ ಮುಖ್ಯಸ್ಥ ಜೇಸನ್ ಲಿಟಲ್ ಈ ಆಲ್ಬಮ್ಮನ್ನು ಪಕ್ಕದ ಸೀರೀಸ್ ಎಂಬ ಸಣ್ಣ ಊರಿನ ತೋಟದ ಮನೆಯೊಂದರಲ್ಲಿ ರೆಕಾರ್ಡ್ ಮಾಡಿದ. ಹೆಚ್ಚಿನ ಕೆಲಸ ಒಬ್ಬನೇ ಮಾಡಿದ. ಬೇರೆ ಸದಸ್ಯರು ಬಂದು ತಮ್ಮ ತಮ್ಮ ಭಾಗ ನುಡಿಸಿ ಹೋದರು. ತಂತ್ರಜ್ಞಾನದ ಬಗ್ಗೆ ಹೊಲದ ಬದಿಯಿಂದ ಮಾತಾಡಿದ ಆಲ್ಬಮ್ ಇದು. ನಗರದಲ್ಲಿ ಕೂತು ಬರೆದಿದ್ದರೆ ಬೇರೆಯದೇ ಆಗುತ್ತಿತ್ತು.

ಇದನ್ನು ಇಂಡೀ ರಾಕ್ ಅನ್ನುತ್ತಾರೆ. ದೊಡ್ಡ ರೆಕಾರ್ಡ್ ಕಂಪನಿಗಳ ಹಂಗಿಲ್ಲದೆ, ಸ್ವತಂತ್ರ ಕಂಪನಿಗಳಿಂದ ಬರುವ ಸಂಗೀತ ಅನ್ನುವುದು ಅದರ ಮೂಲ ಅರ್ಥ. 1980ರ ದಶಕದಲ್ಲಿ ಬ್ರಿಟನ್ನಿನಲ್ಲಿ ಇದಕ್ಕೆ ಕಟ್ಟುನಿಟ್ಟಾದ ಲೆಕ್ಕವೂ ಇತ್ತು. 2000ದ ಹೊತ್ತಿಗೆ ಅದು ಒಂದು ಬಗೆಯ ದನಿಯ ಹೆಸರಾಗಿತ್ತು. ಸ್ವಲ್ಪ ಒರಟು ಗಿಟಾರ್, ಪಳಗದ ಗಂಟಲು, ತೀರಾ ನುಣುಪು ಮಾಡದ ರೆಕಾರ್ಡಿಂಗ್. ತಮಾಷೆ ಅಂದರೆ ಈ ಆಲ್ಬಮ್ ತಂದ ವಿ2 ಕಂಪನಿಯನ್ನು ಶುರುಮಾಡಿದ್ದು ರಿಚರ್ಡ್ ಬ್ರಾನ್ಸನ್, ವರ್ಜಿನ್ ಕಂಪನಿಯ ಧಣಿ. ‘ಬಡ ಸ್ವತಂತ್ರ’ ಸಂಗೀತಕ್ಕೆ ವಿಮಾನ ಕಂಪನಿಯ ಒಡೆಯನ ಆಸರೆ! ಇರಲಿ, ಹಾಡಿಗೆ ಅದರಿಂದ ಏನೂ ತೊಂದರೆಯಾಗಿಲ್ಲ.

ಆಲ್ಬಮ್ಮಿನ ಹೆಸರಿನಲ್ಲೂ ಒಂದು ಚೇಷ್ಟೆಯಿದೆ. ಮೊದಲನೆಯದು ಗೆದ್ದು ಎರಡನೆಯದು ಮುಗ್ಗರಿಸುವುದಕ್ಕೆ ಅಮೆರಿಕನ್ನರು ಸೋಫೊಮೋರ್ ಸ್ಲಂಪ್ ಅನ್ನುತ್ತಾರೆ. ಇದು ಬ್ಯಾಂಡಿನ ಎರಡನೇ ಆಲ್ಬಮ್. ಅದನ್ನೇ ಸಾಫ್ಟ್‌ವೇರ್ ಜೊತೆ ಕಲಸಿ ಹೆಸರಿಟ್ಟರು.

ಈಗ 2000ನೇ ಇಸವಿಯನ್ನು ಸ್ವಲ್ಪ ನೆನಪು ಮಾಡಿಕೊಳ್ಳಬೇಕು. ಹಳೆಯ ಕಂಪ್ಯೂಟರುಗಳಲ್ಲಿ ಮೆಮೊರಿ ತುಟ್ಟಿಯಾಗಿತ್ತು. ಹಾಗಾಗಿ ಇಸವಿಯ ನಾಲ್ಕು ಅಂಕಿಯಲ್ಲಿ ಕೊನೆಯ ಎರಡನ್ನು ಮಾತ್ರ ಬರೆಯುತ್ತಿದ್ದರು. 1999 ಅಂದರೆ 99. ಹಾಗಾದರೆ 2000 ಬಂದಾಗ? 00. ಅದನ್ನು ಕಂಪ್ಯೂಟರ್ 1900 ಅಂದುಕೊಂಡರೆ ಬ್ಯಾಂಕು, ವಿಮಾನ, ವಿದ್ಯುತ್ ಎಲ್ಲ ಕೆಡುತ್ತವೆ ಎಂಬ ಭಯ ಇತ್ತು. ಇದೇ ವೈಟುಕೆ. ಇದನ್ನು ಸರಿಪಡಿಸುವ ಕೆಲಸ ಭಾರತದ ಐಟಿ ಕಂಪನಿಗಳಿಗೆ ದೊಡ್ಡ ಬಾಗಿಲು ತೆರೆಯಿತು. ನಮ್ಮ ಕಡೆಯ ಎಂಜಿನಿಯರಿಂಗ್ ಹುಡುಗರು ಬೆಂಗಳೂರು, ಹೈದರಾಬಾದಿನ ರೈಲು ಹತ್ತಿದ್ದರಲ್ಲಿ ಅದರ ಪಾಲೂ ಇದೆ. ಜನವರಿ 1 ಸುಮ್ನೆ ಬಂದು ಹೋಯಿತು. ಅತ್ತ ಕಂಪ್ಯೂಟರ್ ಕಂಪನಿಗಳ ಷೇರುಗಳು ಗಗನಕ್ಕೇರಿದ್ದವು. ಅಮೆರಿಕದ ನ್ಯಾಸ್ಡಾಕ್ ಸೂಚ್ಯಂಕ 2000ದ ಮಾರ್ಚ್ 10ರಂದು ತುದಿ ಮುಟ್ಟಿತು. ಅಲ್ಲಿಂದ ಜಾರಿದ್ದು 2002ರ ಹೊತ್ತಿಗೆ ಮುಕ್ಕಾಲು ಪಾಲಿಗಿಂತ ಜಾಸ್ತಿ ಕಳೆದುಕೊಂಡಿತ್ತು. ನಮ್ಮಲ್ಲಿ ಅದೇ ಸುಮಾರಿಗೆ ‘ಭೂಮಿ’ ಯೋಜನೆ ಬಂತು. ಕೈಬರಹದ ಪಹಣಿ ಹೋಗಿ ಕಂಪ್ಯೂಟರ್ ಪಹಣಿ ಬಂತು. ಶಾನುಭೋಗರ ಕಾಲದಿಂದ ಬಂದ ಅಕ್ಷರದ ಜಾಗಕ್ಕೆ ಪ್ರಿಂಟರ್ ಬಂದು ಕೂತಿತು.

ಆಲ್ಬಮ್ ಬಿಡುಗಡೆಯಾದದ್ದು ನ್ಯಾಸ್ಡಾಕ್ ಆ ತುದಿಯಿಂದ ಜಾರಲು ಶುರುವಾದ ಎರಡನೇ ತಿಂಗಳಿಗೆ. ಅಷ್ಟು ಸರಿಯಾದ ಹೊತ್ತಿಗೆ ಬಂದದ್ದು ಲೆಕ್ಕ ಹಾಕಿ ಅಲ್ಲ, ಕಾಕತಾಳೀಯ. ಆದರೆ ಆ ಕಾಲದ ಉಸಿರು ಹಾಡುಗಳಲ್ಲಿ ಇದೆ.

ಮೊದಲ ಹಾಡಿಗೇ ಒಂಬತ್ತು ನಿಮಿಷ. ಒಬ್ಬ ಪೈಲಟ್. ಶೀರ್ಷಿಕೆಯೇ ಅವನನ್ನು ಸಾದಾ, ದಡ್ಡ ಅನ್ನುತ್ತದೆ. ಅವನು ಎಲ್ಲಿಂದ ಬರುತ್ತಿದ್ದಾನೆ, ಇಳಿಯುತ್ತಾನೋ ಇಲ್ಲವೋ, ಹಾಡು ಬಿಡಿಸಿ ಹೇಳುವುದಿಲ್ಲ. ಎರಡು ಸಾವಿರದ ಮನುಷ್ಯನೇ, ನೀನೂ ಸೋತೆಯಾ ಎಂದು ಕೇಳುವ ಧಾಟಿಯಲ್ಲಿ ನಡೆಯುತ್ತದೆ. ಗಗನಯಾತ್ರಿ ಇರಬಹುದು, ಕಂಪ್ಯೂಟರ್ ಮುಂದೆ ಕೂತ ಗುಮಾಸ್ತನೂ ಇರಬಹುದು. ದೊಡ್ಡ ಯಂತ್ರದ ಚುಕ್ಕಾಣಿ ಹಿಡಿದಿದ್ದಾನೆ, ಅದು ಹೇಗೆ ನಡೆಯುತ್ತದೆ ಅನ್ನುವುದು ಮಾತ್ರ ಅವನಿಗೂ ಗೊತ್ತಿಲ್ಲ. ನಾಲ್ಕನೇ ಹಾಡಿನಲ್ಲಿ ಒಬ್ಬ ತನ್ನ ಕೆರೆಯ ಊರು ಬಿಟ್ಟು ನಗರಕ್ಕೆ ಬಂದಿದ್ದಾನೆ. ಅಲ್ಲಿ ಮರಗಳೂ ನಕಲಿ. ಬರಬಾರದಿತ್ತು ಅಂತ ಹಲುಬುತ್ತಾನೆ. ಇದನ್ನು ಬೇರೆ ಯಾರಾದರೂ ಬರೆದಿದ್ದರೆ ‘ಹಳ್ಳಿ ಒಳ್ಳೆಯದು, ಪಟ್ಟಣ ಕೆಟ್ಟದ್ದು’ ಎಂಬ ಹಳೇ ರಾಗವಾಗುತ್ತಿತ್ತು. ಇಲ್ಲಿ ಹಾಗಾಗದೆ ಉಳಿಸುವುದು ರಾಗ. ಅದು ಅಳುವ ರಾಗವಲ್ಲ, ಹೆಜ್ಜೆ ಹಾಕಿಸುವಷ್ಟು ಚುರುಕಾಗಿದೆ.

ಏಳನೆಯದು ನನಗೆ ಇಷ್ಟವಾದದ್ದು. ಒಡೆದ ಮನೆಬಳಕೆ ಯಂತ್ರಗಳ ರಾಷ್ಟ್ರೀಯ ಅರಣ್ಯ, ಇದು ಹಾಡಿನ ಹೆಸರು. ಜನ ತಂದು ಸುರಿದ ಫ್ರಿಜ್ಜು, ಒಲೆ, ಏಸಿಗಳಿಂದ ಒಂದು ಕಾಡು ತುಂಬಿದೆ. ಓವನ್ನಿನ ಬಾಗಿಲಿನಿಂದ ಗೂಬೆ ಹಾರಿಹೋಗುತ್ತದೆ. ಹುಲ್ಲುಗಾವಲು ಅಂಗಡಿಯ ಶೋರೂಮಿನಂತೆ ಕಾಣುತ್ತದೆ. ಇದರಲ್ಲಿ ಸಿಟ್ಟಿಗಿಂತ ಬೆರಗು ಜಾಸ್ತಿ. ಬಿಸಾಕಿದ ಯಂತ್ರವನ್ನು ಕಾಡು ತನ್ನದು ಮಾಡಿಕೊಂಡಿದೆ. ಬಳ್ಳಾರಿ, ರಾಯಚೂರಿನ ಗುಜರಿ ಅಂಗಡಿಗಳ ಹಿಂದೆ ಸುಮ್ನೆ ಹೋಗಿ ನಿಂತರೆ ಈ ಹಾಡು ಕಣ್ಣಿಗೇ ಕಾಣುತ್ತದೆ. ದಪ್ಪ ಬೆನ್ನಿನ ಟಿವಿಗಳು, ಕೂಲರ್ ಡಬ್ಬಿಗಳು, ಅವುಗಳೊಳಗೆ ಮರಿ ಹಾಕಿದ ಬೆಕ್ಕು.

ಜೆಡ್‌ನ ಕತೆ ಮೂರನೇ ಹಾಡಿನಲ್ಲಿ. ಎಂಟನೇ ಹಾಡಿನಲ್ಲಿ ಅವನು ಮತ್ತೆ ಬರುತ್ತಾನೆ, ಅವನು ಬರೆದಿಟ್ಟು ಹೋದ ಕವನದ ರೂಪದಲ್ಲಿ. ಇಂಥ ಜೋಡಣೆ ಇರುವುದಕ್ಕೇ ಇದನ್ನು ಕಾನ್ಸೆಪ್ಟ್ ಆಲ್ಬಮ್ ಅನ್ನುವುದು. ಒಂದೊಂದು ಹಾಡೂ ಬೇರೆ, ಆದರೆ ಒಂದರ ಪಾತ್ರ ಇನ್ನೊಂದರಲ್ಲಿ ಇಣುಕುತ್ತದೆ. ನಡುವೆ ಬರುವ ನಾಲ್ಕು ಹಾಡುಗಳ ಹೊತ್ತು ನಾವು ಜೆಡ್‌ನನ್ನು ಮರೆತಿರುತ್ತೇವೆ. ಅವನನ್ನು ಮಾಡಿದವರು ಮಾಡಿದ್ದನ್ನೇ ಕೇಳುಗನೂ ಮಾಡುತ್ತಾನೆ! ಮೊಬೈಲಿನಲ್ಲಿ ಹಾಡುಗಳನ್ನು ಕಲಸಿ ಕೇಳಿದರೆ ಈ ಗುಟ್ಟು ತಪ್ಪಿಹೋಗುತ್ತದೆ. ಶಫಲ್ ಬಟನ್ ಆಫ್ ಮಾಡಿ, ಸಾಲಾಗಿ ಕೇಳಿ.

ಜೆಡ್ ಬರೀ ಕಲ್ಪನೆ ಅಂತ ತಳ್ಳಿಹಾಕುವ ಹಾಗಿಲ್ಲ. ಸೋನಿ ಕಂಪನಿ 1999ರಲ್ಲಿ ಐಬೋ ಎಂಬ ರೋಬೋಟ್ ನಾಯಿಯನ್ನು ಮಾರಾಟಕ್ಕೆ ಬಿಟ್ಟಿತು. ಜಪಾನಿನಲ್ಲಿ ಮೊದಲ 3,000 ನಾಯಿಗಳು ಇಪ್ಪತ್ತು ನಿಮಿಷದಲ್ಲಿ ಖಾಲಿಯಾದವು. 2006ರಲ್ಲಿ ಕಂಪನಿ ಅದನ್ನು ಮಾಡುವುದನ್ನೇ ನಿಲ್ಲಿಸಿತು. 2014ರಲ್ಲಿ ರಿಪೇರಿಯನ್ನೂ ನಿಲ್ಲಿಸಿತು. ಬಿಡಿಭಾಗ ಸಿಗದೆ ನಾಯಿಗಳು ಒಂದೊಂದಾಗಿ ನಿಂತವು. ಸಾಕಿದವರು ಅವನ್ನು ಕಸಕ್ಕೆ ಹಾಕಲಿಲ್ಲ. ಚಿಬಾ ಪ್ರಾಂತ್ಯದ ಒಂದು ಬೌದ್ಧ ದೇವಾಲಯದಲ್ಲಿ ಅವುಗಳಿಗೆ ಅಂತ್ಯಕ್ರಿಯೆಯ ಪೂಜೆ ಮಾಡಿಸಿದರು. ಪಶ್ಚಿಮದ ಪತ್ರಿಕೆಗಳಿಗೆ ಅದು ವಿಚಿತ್ರ ಸುದ್ದಿ. ನಮಗೆ ಅಷ್ಟು ವಿಚಿತ್ರ ಅನ್ನಿಸಬೇಕಾಗಿಲ್ಲ. ಮಹಾನವಮಿ ದಿನ ಟ್ರ್ಯಾಕ್ಟರ್, ಜೆಸಿಬಿ, ಆಫೀಸಿನ ಕಂಪ್ಯೂಟರ್ ಎಲ್ಲಕ್ಕೂ ವಿಭೂತಿ, ಕುಂಕುಮ ಹಚ್ಚಿ ಬೂದುಗುಂಬಳ ಒಡೆಯುವವರು ನಾವು. ಯಂತ್ರಕ್ಕೂ ಒಂದು ಜೀವ ಇದೆ ಅಂತ ಒಪ್ಪಿಕೊಂಡವರು. ಆದರೆ ವರ್ಷಕ್ಕೊಮ್ಮೆ ಪೂಜೆ ಮಾಡಿದಷ್ಟು ಸುಲಭವಲ್ಲ, ದಿನಾ ಗ್ರೀಸ್ ಹಾಕುವುದು.

ಇದಕ್ಕೆ ತುಂಗಭದ್ರೆಗಿಂತ ಬೇರೆ ಸಾಕ್ಷಿ ಬೇಕಾ? ಅಣೆಕಟ್ಟಿನ ಕೆಲಸ ಮುಗಿದದ್ದು 1953ರಲ್ಲಿ. ಅದರ ಮೇಲ್ಭಾಗದಲ್ಲಿ 33 ಕ್ರೆಸ್ಟ್ ಗೇಟುಗಳು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನ್ ತುಂಡಾಯಿತು. ಗೇಟ್ ಕೊಚ್ಚಿಹೋಯಿತು. ತುಂಬಿದ ಜಲಾಶಯದ ನೀರು ನದಿಗೆ ನುಗ್ಗಿತು. ಮಳೆ ಬಂದು ಡ್ಯಾಂ ತುಂಬಿದೆ ಅಂತ ಕೊಪ್ಪಳ, ರಾಯಚೂರು, ಬಳ್ಳಾರಿಯವರು ನಿರಾಳವಾಗಿದ್ದ ಹೊತ್ತು ಅದು. ಗೇಟ್ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಎಂಬ ಉಕ್ಕಿನ ಹಲಗೆಗಳನ್ನು ಒಂದೊಂದಾಗಿ ಇಳಿಸಿ, ವಾರದೊಳಗೆ ಆ ಬಾಯಿ ಮುಚ್ಚಿದರು. ಆ ಕೆಲಸಗಾರರ ಧೈರ್ಯವನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಆದರೆ ಪ್ರಶ್ನೆ ಉಳಿಯುತ್ತದೆ. ಎಪ್ಪತ್ತು ವರ್ಷದ ಚೈನ್ ಒಂದು ರಾತ್ರಿಯಲ್ಲಿ ಹಳೆಯದಾಗುವುದಿಲ್ಲ, ಅಲ್ವಾ? ಡ್ಯಾಮಿನ ಒಳಗೆ ಹೂಳು ತುಂಬುತ್ತಾ ಬಂದು, 133 ಟಿಎಂಸಿ ಹಿಡಿಯುತ್ತಿದ್ದದ್ದು ಈಗ 105ರ ಆಸುಪಾಸಿಗೆ ಇಳಿದಿದೆ. ಹೂಳೂ ಸದ್ದು ಮಾಡದೆ ಕೂರುವಂಥದ್ದೇ. ಹೊಸ ಯೋಜನೆಗೆ ಶಂಕುಸ್ಥಾಪನೆ ಇರುತ್ತದೆ, ಕಲ್ಲಿನ ಮೇಲೆ ಹೆಸರು ಇರುತ್ತದೆ. ಹಳೆಯದಕ್ಕೆ ಎಣ್ಣೆ ಬಿಟ್ಟವನ ಹೆಸರನ್ನು ಯಾವ ಕಲ್ಲಿನ ಮೇಲೂ ಕೆತ್ತುವುದಿಲ್ಲ.

ಸುಟ್ಟ ಟಿಸಿ (ಟ್ರಾನ್ಸ್‌ಫಾರ್ಮರ್) ಬದಲಾಯಿಸಲು ಕಾದು ಕೂತ ಯಾವ ರೈತನಿಗಾದರೂ ಇದನ್ನು ವಿವರಿಸಬೇಕಿಲ್ಲ.

ಇನ್ನು ಈ ಹಾಡುಗಳ ಸದ್ದಿನ ವಿಷಯ. ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕಂದರೆ ಆಲ್ಬಮ್ ಹೇಳುವುದರ ಅರ್ಧ ಅದರ ಸದ್ದಿನಲ್ಲೇ ಇದೆ. ಗಿಟಾರಿನ ಜೊತೆ ಹಳೆಯ ಸಿಂಥಸೈಜರುಗಳು, ಅಂದರೆ ಕರೆಂಟಿನಿಂದ ಸ್ವರ ಹುಟ್ಟಿಸುವ ಕೀಬೋರ್ಡುಗಳು, ಉದ್ದಕ್ಕೂ ಕೇಳುತ್ತವೆ. ಹಳೆಯ ಅನಲಾಗ್ ಸಿಂಥ್ ಕೆಲಸ ಮಾಡುವ ರೀತಿ ಸರಳ. ಒಳಗೆ ಆಸಿಲೇಟರ್ ಎಂಬ ಸರ್ಕಿಟ್ ಇರುತ್ತದೆ. ಅದು ಕರೆಂಟನ್ನು ಸೆಕೆಂಡಿಗೆ ಇಷ್ಟು ಸಲ ಅಂತ ಏರಿಸಿ ಇಳಿಸುತ್ತದೆ. ಆ ಏರಿಳಿತ ಸ್ಪೀಕರಿಗೆ ಹೋದರೆ ಸ್ವರ. ಕೊಡುವ ವೋಲ್ಟೇಜ್ ಹೆಚ್ಚಿಸಿದರೆ ಏರಿಳಿತ ಬೇಗ ಬೇಗ ಆಗಿ ಸ್ವರ ಮೇಲೇರುತ್ತದೆ. ನಂತರ ಫಿಲ್ಟರ್ ಬರುತ್ತದೆ. ಅದು ಚೂಪು ದನಿಯನ್ನು ಕತ್ತರಿಸಿ ಮೆತ್ತಗೆ ಮಾಡುತ್ತದೆ. ತೊಂದರೆ ಏನೆಂದರೆ ಈ ಸರ್ಕಿಟ್ ಬಿಸಿಯಾದರೆ ಶ್ರುತಿ ಜಾರುತ್ತದೆ. ರಾಯಚೂರಿನ ಮೇ ತಿಂಗಳ ಬಿಸಿಲಿಗೆ ಅಂಥದ್ದೊಂದನ್ನು ಇಟ್ಟರೆ ಹಾಡು ಮುಗಿಯುವಷ್ಟರಲ್ಲಿ ಷಡ್ಜ ಎಲ್ಲಿರುತ್ತದೋ ದೇವರೇ ಬಲ್ಲ. ಡಿಜಿಟಲ್ ಕೀಬೋರ್ಡಿಗೆ ಈ ಕಷ್ಟ ಇಲ್ಲ. ಬೆಳಿಗ್ಗೆ ಸಂಜೆ ಒಂದೇ ದನಿ. ಆದರೆ ಆ ಸಣ್ಣ ಜಾರುವಿಕೆ, ನಡುಕ ಇದೆಯಲ್ಲ, ಅದಕ್ಕೇ ಹಳೆಯ ಸಿಂಥ್ ಜೀವವಿರುವಂತೆ ಕೇಳಿಸುತ್ತದೆ. ಲಿಟಲ್ ದನಿಯೂ ತೆಳ್ಳಗೆ, ಒಡೆಯುವಂತಿದೆ. ಯಂತ್ರ ಮನುಷ್ಯನಂತೆ, ಮನುಷ್ಯ ದಣಿದ ಯಂತ್ರದಂತೆ ಹಾಡುವುದು ಈ ಆಲ್ಬಮ್ಮಿನ ಹಿಕಮತ್ತು.

ಸಂಗೀತಕ್ಕೂ ಯಂತ್ರಕ್ಕೂ ಜಗಳ ಇದೆ ಅಂದುಕೊಳ್ಳುವವರಿಗೆ ಬಳ್ಳಾರಿ ಪಕ್ಕದ ಕಪ್ಪಗಲ್ಲು ಬೆಟ್ಟ ತೋರಿಸಬೇಕು. ಅಲ್ಲಿಯ ಕಪ್ಪು ಡಾಲರೈಟ್ ಬಂಡೆಗಳಲ್ಲಿ ಕೆಲವು ಹೊಡೆದರೆ ಗಂಟೆಯಂತೆ ನುಡಿಯುತ್ತವೆ. ನವಶಿಲಾಯುಗದ ಜನ ಅವುಗಳನ್ನು ಮತ್ತೆ ಮತ್ತೆ ಬಡಿದ ಗುಳಿಗಳು ಇನ್ನೂ ಉಳಿದಿವೆ, ಸುತ್ತ ದನಗಳ, ಮನುಷ್ಯರ ಚಿತ್ರಗಳೂ ಇವೆ. ಕಲ್ಲಿನಿಂದ ಸದ್ದು ಹುಟ್ಟಿಸಿದ್ದೂ ಅವರ ಕಾಲದ ತಂತ್ರಜ್ಞಾನವೇ. ಈ ಬೆಟ್ಟಕ್ಕೆ ಅಪಾಯ ಬಂದದ್ದು ಕಲ್ಲು ಗಣಿಗಾರಿಕೆಯಿಂದ. ಇನ್ನು ಹಾರ್ಮೋನಿಯಂ ತೆಗೆದುಕೊಳ್ಳಿ. ಯುರೋಪಿನಿಂದ ಬಂದ ಪೆಟ್ಟಿಗೆ. ಅದರ ಸ್ವರಗಳು ಗಟ್ಟಿಯಾಗಿ ಕೂತಿರುತ್ತವೆ, ಗಮಕಕ್ಕೆ ಬಗ್ಗುವುದಿಲ್ಲ ಅಂತ ಆಕಾಶವಾಣಿ 1940ರಿಂದ 1971ರವರೆಗೆ ಅದನ್ನು ಹೊರಗಿಟ್ಟಿತ್ತು. ಆ ಮೂವತ್ತು ವರ್ಷವೂ ನಮ್ಮ ಕಂಪನಿ ನಾಟಕ, ಬಯಲಾಟ, ಭಜನೆಗಳಲ್ಲಿ ಪೇಟಿ ಮಾಸ್ತರರು ಆರಾಮಾಗಿ ನುಡಿಸುತ್ತಿದ್ದರು. ಈಗ ಅದೇ ಜಾಗಕ್ಕೆ ಕ್ಯಾಸಿಯೋ, ರಿದಮ್ ಪ್ಯಾಡ್ ಬಂದಿವೆ. ಪೇಟಿಯ ದನಿಯೇ ಅಪ್ಪಟ ನಮ್ಮದು ಅಂತ ಈಗ ಬೇಜಾರು ಮಾಡಿಕೊಳ್ಳುವವರಿದ್ದಾರೆ!

ಆಲ್ಬಮ್ಮಿನ ಹತ್ತನೇ ಹಾಡು ಕಲ್ಯಾಣ ಕರ್ನಾಟಕದವರಿಗೇ ಬರೆದಂತಿದೆ. ದೂರದೆಲ್ಲೋ ದುಡಿಯುವ ಒಬ್ಬ ಗಣಿ ಕಾರ್ಮಿಕ, ಒಂದು ಯಂತ್ರದ ಮೂಲಕ ತನ್ನ ಊರನ್ನು ನೋಡುತ್ತಾನೆ. ನೋಡಬಹುದು, ಮುಟ್ಟಲಾಗದು. ಗೂಗಲ್ ಅರ್ಥ್ ಬಂದದ್ದು 2005ರಲ್ಲಿ, ಹಾಡು ಅದಕ್ಕಿಂತ ಐದು ವರ್ಷ ಹಿರಿಯದು. ಮಾನ್ವಿ, ದೇವದುರ್ಗ, ಕುಷ್ಟಗಿ ಕಡೆಯಿಂದ ಗುಳೆ ಹೋದವರು ಬೆಂಗಳೂರಿನ ಕಟ್ಟಡಗಳ ಪಕ್ಕದ ತಗಡಿನ ಶೆಡ್ಡಿನಲ್ಲಿ ಕೂತು ವಿಡಿಯೋ ಕಾಲ್ ಮಾಡುತ್ತಾರೆ. ಊರಲ್ಲಿ ಬಿಟ್ಟುಬಂದ ಮಗು ಪರದೆಯಲ್ಲಿ ಕಾಣುತ್ತದೆ. ಈ ಸೌಲಭ್ಯ ಇಲ್ಲದಿದ್ದರೆ ಎಷ್ಟು ಕಷ್ಟ ಅಂತ ಅವರನ್ನೇ ಕೇಳಿ. ಯಂತ್ರವನ್ನು ಸುಮ್ನೆ ಬೈಯುವುದು ಊರಲ್ಲೇ ಇದ್ದು ಉಣ್ಣುವವರಿಗೆ ಸಲೀಸು. ಈ ಹಾಡೂ ಆ ಯಂತ್ರವನ್ನು ಬೈಯುವುದಿಲ್ಲ. ಅವನು ಅಷ್ಟು ದೂರ ಹೋಗುವಂತೆ ಮಾಡಿದ್ದು ಯಾವುದು ಎಂಬ ಪ್ರಶ್ನೆಯನ್ನು ಕೇಳುಗನ ಮಡಿಲಿಗೆ ಹಾಕಿ ಸುಮ್ಮನಾಗುತ್ತದೆ.

ಬ್ಯಾಂಡ್ 2006ರಲ್ಲಿ ಒಡೆಯಿತು, 2012ರಲ್ಲಿ ಮತ್ತೆ ಕೂಡಿತು. ಬೇಸ್ ಗಿಟಾರ್ ನುಡಿಸುತ್ತಿದ್ದ ಕೆವಿನ್ ಗಾರ್ಸಿಯಾ 2017ರಲ್ಲಿ ತೀರಿಕೊಂಡ. ಬ್ಯಾಂಡ್ ಒಡೆಯುವ ಮೊದಲೇ ಜೆಡ್‌ನ ಕವನದ ಹಾಡಿಗೆ ಒಂದು ಒಳ್ಳೆಯ ಸಂಗತಿ ನಡೆಯಿತು. ಸ್ಟೀವರ್ಟ್ ಸ್ಮಿತ್ ಎಂಬಾತ ಯಾರೂ ಕೇಳದಿದ್ದರೂ, ಯಾರ ಅನುಮತಿಯನ್ನೂ ಪಡೆಯದೆ ಅದಕ್ಕೊಂದು ವಿಡಿಯೋ ಮಾಡಿದ. ಕ್ಯಾಮೆರಾ ಹಿಡಿಯಲಿಲ್ಲ. 1979ರ ಒಂದು ಆಪಲ್ ಕಂಪ್ಯೂಟರ್ ತೆಗೆದುಕೊಂಡು, ಬೇಸಿಕ್ ಭಾಷೆಯಲ್ಲಿ ಪ್ರೋಗ್ರಾಂ ಬರೆದ. ಕಪ್ಪು ಪರದೆಯ ಮೇಲೆ ಹಾಡಿನ ಅಕ್ಷರಗಳು ತಾಳಕ್ಕೆ ಸರಿಯಾಗಿ ಮೂಡುತ್ತವೆ, ಕುಣಿಯುತ್ತವೆ, ಉದುರುತ್ತವೆ. ಇಪ್ಪತ್ತೈದು ವರ್ಷ ಹಳೆಯ ಯಂತ್ರದಿಂದ ಹೊಸ ಕೆಲಸ. ಬ್ಯಾಂಡಿನ ಕಡೆಯವರು ಅದನ್ನೇ ಅಧಿಕೃತ ವಿಡಿಯೋ ಎಂದು ಒಪ್ಪಿಕೊಂಡರು. ಪ್ರೋಗ್ರಾಂನ ಸಾಲುಗಳನ್ನೂ ಆತ ಎಲ್ಲರಿಗೂ ಸಿಗುವಂತೆ ಬಿಟ್ಟ. ಕೋಡಿಂಗ್ ಕಲಿಯುವ ಮಕ್ಕಳಿಗೆ ಮೊದಲು ತೋರಿಸಬೇಕಾದದ್ದು ಇಂಥದ್ದನ್ನು ಅಂತ ನನಗನ್ನಿಸುತ್ತದೆ.

2020ರಲ್ಲಿ, ಆಲ್ಬಮ್ಮಿಗೆ ಇಪ್ಪತ್ತು ತುಂಬಿದಾಗ, ಲಿಟಲ್ ಎಲ್ಲ ಹಾಡುಗಳನ್ನೂ ಮತ್ತೆ ಹಾಡಿ ರೆಕಾರ್ಡ್ ಮಾಡಿದ. ಈ ಸಲ ಬ್ಯಾಂಡಿನ ಗದ್ದಲ ಇಲ್ಲ. ಹೆಚ್ಚಾಗಿ ಒಂದು ಮರದ ಪಿಯಾನೋ, ಅವನ ದನಿ. ಯಾವುದನ್ನು ಮೊದಲು ಕೇಳಬೇಕು ಅಂದರೆ 2000ದ್ದನ್ನೇ. ಯಂತ್ರಗಳ ಬಗ್ಗೆ ಯಂತ್ರಗಳೇ ಹಾಡುವ ಸೊಗಸು ಪಿಯಾನೋದಲ್ಲಿ ಸಿಗುವುದಿಲ್ಲ. ಪೈಲಟ್ ಹಾಡಂತೂ ಅಲ್ಲಿ ಸ್ವಲ್ಪ ಸೊರಗಿದೆ. ಆದರೆ ಜೆಡ್‌ನ ಎರಡು ಹಾಡುಗಳನ್ನು ಮಾತ್ರ ಹೊಸದರಲ್ಲಿ ಕೇಳಿ ನೋಡಿ. ರೋಬೋಟಿನ ಸದ್ದುಗದ್ದಲ ಇಲ್ಲದೆ ಬರೀ ಮಾತು ಉಳಿದಾಗ, ಅದು ಯಾವ ಮನೆಯ ಕುಡುಕನ ಕತೆಯಾದರೂ ಆಗಬಹುದು.